ಆರ್‌ನ ಅನ್‌ಲಿಸ್ಟ್: ಕೆಲಸ ಚುರುಕು, ಉದ್ದ ಮಾತ್ರ ನೋಡಿಕೊಳ್ಳಿ

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರಗಳು ಜೇಸನ್ (ಮಾಹಿತಿ ಸಾಗಿಸುವ ಪಠ್ಯ ರೂಪದ) ಫೈಲ್‌ನಿಂದ ಅಂಕಿ-ಅಂಶ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆ ಆರ್‌ಗೆ ಬಂದಾಗ ಹಲವು ಸಲ ಲಿಸ್ಟ್ (ಬೇರೆ ಬೇರೆ ಬಗೆಯ ಮೌಲ್ಯಗಳೂ ಇರಬಹುದಾದ ಪಟ್ಟಿ) ಆಗಿಯೇ ಕೂತಿರುತ್ತವೆ. ಲಿಸ್ಟ್ ಮೇಲೆ ಸರಾಸರಿ ತೆಗೆಯುವ ಮೀನ್ ಓಡಿಸಿದರೆ ವಾರ್ನಿಂಗ್ ಜೊತೆ ಎನ್ಎ (ಮೌಲ್ಯವಿಲ್ಲ ಎಂಬ ಗುರುತು) ಸಿಗುತ್ತದೆ, ಮೊತ್ತ ಕೂಡುವ ಸಮ್ ಓಡಿಸಿದರೆ ಎರರ್. ವೆಕ್ಟರ್ (ಮೌಲ್ಯಗಳ ಸಾಲು) ಮಾಡಿಸಲು ಆಸ್.ವೆಕ್ಟರ್ ಹಾಕಿಯೂ ಉಪಯೋಗವಿಲ್ಲ: ಆರ್ ಲೆಕ್ಕದಲ್ಲಿ ಲಿಸ್ಟ್ ಕೂಡ ಒಂದು ವೆಕ್ಟರೇ, ಹಾಗಾಗಿ ಲಿಸ್ಟ್ ಇದ್ದ ಹಾಗೇ ವಾಪಸ್ ಬರುತ್ತದೆ. ಬೇಕಾದದ್ದು ಲಿಸ್ಟನ್ನು ಸಾದಾ ವೆಕ್ಟರ್ ಮಾಡುವ ಅನ್‌ಲಿಸ್ಟ್ ಫಂಕ್ಷನ್. ಬೇರೆ ಪ್ಯಾಕೇಜ್ ಬೇಡ, ಒಂದೇ ಸಾಲು, ಒಳಗೊಳಗೆ ಸೇರಿದ ಲಿಸ್ಟ್‌ಗಳನ್ನೂ ಬಿಚ್ಚಿ ಚಪ್ಪಟೆ ಮಾಡಿಕೊಡುತ್ತದೆ.

ದೊಡ್ಡ ತೊಂದರೆ ನಲ್ (ಏನೂ ಇಲ್ಲದ ಖಾಲಿ) ಮೌಲ್ಯದ್ದು. ಐದು ಲಾಟ್ ಇವೆ, ಮೂರನೆಯದಕ್ಕೆ ಟೆಂಡರ್ ಬಿದ್ದಿಲ್ಲ, ಅಲ್ಲಿ ನಲ್ ಇದೆ ಎಂದಿಟ್ಟುಕೊಳ್ಳಿ. ಅನ್‌ಲಿಸ್ಟ್ ಅದನ್ನು ಸದ್ದಿಲ್ಲದೆ ಬಿಟ್ಟು ನಾಲ್ಕೇ ದರ ಕೊಡುತ್ತದೆ. ನಾಲ್ಕನೇ ಲಾಟ್‌ನ ದರ ಮೂರನೇ ಜಾಗಕ್ಕೆ ಸರಿದಿರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಸಹ ಇಲ್ಲ. ಸರಾಸರಿ ಸರಿಯಾಗಿಯೇ ಬರುವುದರಿಂದ ಇದು ಕಣ್ಣಿಗೂ ಬೀಳುವುದಿಲ್ಲ. ಮೊದಲು ಪ್ರತಿ ಅಂಶದ ಉದ್ದ ಹೇಳುವ ಲೆಂಗ್ತ್ಸ್ ಓಡಿಸಿ, ಸೊನ್ನೆ ಬಂದ ಜಾಗಗಳಿಗೆ ಎನ್ಎ ತುಂಬಿ, ಆಮೇಲೆ ಅನ್‌ಲಿಸ್ಟ್ ಮಾಡಿ.

ಎರಡನೆಯದು ಬಗೆಯ ಬದಲಾವಣೆ. ಸಾದಾ ವೆಕ್ಟರ್‌ನಲ್ಲಿ ಒಂದೇ ಬಗೆಯ ಮೌಲ್ಯ ಇರಬೇಕು, ಬೆರೆತಿದ್ದರೆ ಎಲ್ಲವೂ ಮೇಲಿನ ಬಗೆಗೆ ತಿರುಗುತ್ತವೆ: ಲಾಜಿಕಲ್‌ಗಿಂತ (ಹೌದು/ಅಲ್ಲ) ಇಂಟಿಜರ್ (ಪೂರ್ಣಾಂಕ) ಮೇಲು, ಅದಕ್ಕಿಂತ ಡಬಲ್ (ದಶಮಾಂಶ ಸಂಖ್ಯೆ), ಅದಕ್ಕೂ ಮೇಲೆ ಕ್ಯಾರೆಕ್ಟರ್ (ಅಕ್ಷರ). ನೂರು ದರಗಳ ನಡುವೆ "ಹರಾಜಿಲ್ಲ" ಎಂಬ ಒಂದೇ ಪದ ಇದ್ದರೂ ನೂರಕ್ಕೆ ನೂರೂ ಅಕ್ಷರವಾಗುತ್ತವೆ. "18,500" ಎಂದು ಅಲ್ಪವಿರಾಮ ಸಮೇತ ಬಂದದ್ದನ್ನು ಸಂಖ್ಯೆಯಾಗಿಸುವ ಆಸ್.ನ್ಯೂಮೆರಿಕ್‌ಗೆ ಕೊಟ್ಟರೆ ಎನ್ಎ. ಅಕ್ಷರ ಬದಲಿಸುವ ಜಿಸಬ್‌ನಿಂದ ಅಲ್ಪವಿರಾಮ ತೆಗೆದೇ ಕೊಡಬೇಕು.

ತಾರೀಖುಗಳಿಗಂತೂ ಅನ್‌ಲಿಸ್ಟ್ ಬೇಡವೇ ಬೇಡ. 2024ರ ಜನವರಿ 15 ಹೋಗಿ 19737 ಉಳಿಯುತ್ತದೆ, ಅಂದರೆ 1970ರ ಜನವರಿ 1ರಿಂದ ಎಣಿಸಿದ ದಿನಗಳು. ಲಿಸ್ಟ್‌ನ ಅಂಶಗಳನ್ನೆಲ್ಲ ಒಂದು ಫಂಕ್ಷನ್‌ಗೆ ಒಪ್ಪಿಸುವ ಡು.ಕಾಲ್ ಜೊತೆ, ಮೌಲ್ಯ ಜೋಡಿಸುವ ಸಿ ಫಂಕ್ಷನ್ ಕೊಟ್ಟರೆ ತಾರೀಖು ತಾರೀಖಾಗಿಯೇ ಉಳಿಯುತ್ತದೆ.

ಹೆಸರುಗಳ ಕಿರಿಕಿರಿ ಚಿಕ್ಕದು. ಕಡ್ಡಿ ತಳಿಗೆ ಎರಡು ದರ ಇದ್ದರೆ ಕಡ್ಡಿ1, ಕಡ್ಡಿ2 ಎಂದು ಅನ್‌ಲಿಸ್ಟ್ ತಾನೇ ಹೆಸರಿಡುತ್ತದೆ. ಬೇಡವಾದರೆ ಯೂಸ್.ನೇಮ್ಸ್‌ಗೆ ಫಾಲ್ಸ್ ಕೊಡಿ; ದೊಡ್ಡ ಲಿಸ್ಟ್‌ಗಳಲ್ಲಿ ವೇಗವೂ ಹೆಚ್ಚುತ್ತದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಬಂಧಕ್ಕೆಂದು ದರ ವಿಶ್ಲೇಷಿಸುವವರಿಗೆ ನಮ್ಮ ಶಿಫಾರಸು ವಿಎಪ್ಲೈ, ಅಂದರೆ ಲಿಸ್ಟ್‌ನ ಪ್ರತಿ ಅಂಶಕ್ಕೂ ಒಂದೇ ಫಂಕ್ಷನ್ ಓಡಿಸಿ ಫಲಿತಾಂಶದ ಬಗೆಯನ್ನೂ ಪರಿಶೀಲಿಸುವ ಫಂಕ್ಷನ್. ಪ್ರತಿ ದಾಖಲೆಯಿಂದ ದರ ಎತ್ತುವ ಫಂಕ್ಷನ್ ಬರೆದು, ಕೊನೆಗೆ ನ್ಯೂಮೆರಿಕ್(1), ಅಂದರೆ ಪ್ರತಿ ಸಲ ಒಂದೇ ಸಂಖ್ಯೆ ಬರಬೇಕು, ಎಂದು ಷರತ್ತು ಹಾಕಿ. ಎಲ್ಲೋ ನಲ್ ಇದ್ದರೆ, ಪದ ನುಸುಳಿದ್ದರೆ, ಅಲ್ಲೇ ನಿಂತು ಎಷ್ಟನೆಯ ದಾಖಲೆ ಎಂದೂ ಹೇಳುತ್ತದೆ. ಟೈಪ್ ಮಾಡುವುದು ಸ್ವಲ್ಪ ಹೆಚ್ಚು, ಅಷ್ಟೇ. ಕನ್ಸೋಲ್‌ನಲ್ಲಿ ಬೇಗ ನೋಡಿಬಿಡುವ ಕೆಲಸಕ್ಕೆ ಅನ್‌ಲಿಸ್ಟ್ ಸಾಕು: ಐದಕ್ಕೆ ಮೂರೂವರೆ. ವಿಎಪ್ಲೈಗೆ ನಾಲ್ಕೂವರೆ.