ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೇಲಿ ಅಮ್ಮನ ಪೊರೆ ಆಪರೇಷನ್, ಹೋಗೋರಿಗೆ ಒಂದಿಷ್ಟು ವಿಷ್ಯ

ಅಮ್ಮಂಗೆ ಎಡಗಣ್ಣಲ್ಲಿ ಪೊರೆ ಬಂದು ಒಂದೂವರೆ ವರ್ಷ ಆಗಿತ್ತು, ನಾಳೆ ನಾಡಿದ್ದು ಅಂತ ತಳ್ಕೊಂಡೇ ಬಂದ್ವಿ. ಮೊದ್ಲು ಹೋಗಿದ್ದು ಮನೆ ಹತ್ರದ ಒಂದು ಪ್ರೈವೇಟ್ ಕ್ಲಿನಿಕ್ಕಿಗೆ, ಹೆಸ್ರು ಬೇಡ. ಡಾಕ್ಟ್ರು ಐದು ನಿಮಿಷ ನೋಡಿದ್ರು, ಆಮೇಲೆ ಕೌಂಟರ್ ಹುಡುಗಿ ಅರ್ಧ ಗಂಟೆ ಲೆನ್ಸ್ ಪ್ಯಾಕೇಜ್ ಹೇಳಿದ್ಲು, ದೂರಕ್ಕೂ ಹತ್ರಕ್ಕೂ ಎರಡಕ್ಕೂ ಆಗೋ ಮಲ್ಟಿಫೋಕಲ್ ಲೆನ್ಸ್ ಹಾಕಿಸಿ ಆಂಟಿ, ಕನ್ನಡಕಾನೇ ಬೇಕಾಗಲ್ಲ ಅಂತ. ರೇಟ್ ಕೇಳಿ ಅಮ್ಮ ನನ್ನ ಕೈ ಚಿವುಟಿದ್ರು, ಎದ್ದು ಬಂದ್ವಿ.

ಮಿಂಟೋ ಅಂದ್ರೆ ಮನೇಲಿ ಎಲ್ರೂ ಹೆದರಿಸಿದ್ರು. 2019ರಲ್ಲಿ ಅಲ್ಲಿ ಆಪರೇಷನ್ ಆದ ಕೆಲವ್ರಿಗೆ ದೃಷ್ಟಿ ಹೋಗಿದ್ದು ಪೇಪರಲ್ಲೆಲ್ಲ ಬಂದಿತ್ತಲ್ಲ, ಅದಕ್ಕೆ. ನನಗೂ ಅಳುಕಿತ್ತು, ಸುಳ್ಳ್ಯಾಕೆ. ಆದ್ರೆ ನಮ್ ತಾತನ ಎರಡೂ ಕಣ್ಣು ಅಲ್ಲೇ ಆಗಿದ್ದು, ಕೊನೇವರ್ಗೂ ಪೇಪರ್ ಓದ್ತಿದ್ರು, ಆ ಧೈರ್ಯದ ಮೇಲೆ ಹೊರಟ್ವಿ.

ಗೊತ್ತಿಲ್ದೋರಿಗೆ: ಇದು ಕಣ್ಣಿಗೆ ಮಾತ್ರ, ಕಿವಿ ಮೂಗು ಗಂಟಲು ಅಂತ ಇಲ್ಲಿಗೆ ಬರ್ಬೇಡಿ. 1896ರಲ್ಲಿ ಶುರುವಾಗಿದ್ದು, ಈಗಿರೋ ಹಳೇ ಕಟ್ಟಡ 1913ರದ್ದು, ವೈಸ್‌ರಾಯ್ ಲಾರ್ಡ್ ಮಿಂಟೋ ಹೆಸ್ರು. ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು, ಹಾಗಾಗಿ ಪಿಜಿ ಸ್ಟೂಡೆಂಟ್ಸ್, ಅಂದ್ರೆ ಕಣ್ಣಿನ ಸ್ಪೆಷಲಿಸ್ಟ್ ಆಗೋಕೆ ಓದ್ತಿರೋ ಡಾಕ್ಟ್ರು ಇರ್ತಾರೆ. ನಮ್ಮ ಕಥೆ ಇರೋದೇ ಅಲ್ಲಿ.

ಚಾರ್ಟ್ ಓದಿಸೋವಾಗ ಅಮ್ಮ ಕೆಳಗಿನ ಸಾಲು ಗಡಗಡ ಓದ್ಬಿಟ್ರು. ನನಗೇ ಆಶ್ಚರ್ಯ. ಓದಿಸ್ತಿದ್ದ ಹುಡುಗಿ ಒಂದು ಕ್ಷಣ ಸುಮ್ನಿದ್ದು, ಅಜ್ಜಿ ಈಗ ಅದನ್ನೇ ಬಲಗಡೆಯಿಂದ ಓದಿ ಅಂದ್ಲು. ಅಮ್ಮ ಗಪ್‌ಚುಪ್. ಬೆಂಚ್ ಮೇಲೆ ಕೂತು ಮುಂದಿನವ್ರು ಓದಿದ್ದನ್ನ ಕೇಳಿಸ್ಕೊಂಡು ಬಾಯಿಪಾಠ ಮಾಡ್ಕೊಂಡಿದ್ರಂತೆ! ಫೇಲಾದ್ರೆ ದೊಡ್ಡ ಆಪರೇಷನ್ ಮಾಡ್ತಾರೆ ಅಂದ್ಕೊಂಡಿದ್ರು, ಪಾಪ.

ಆಮೇಲೆ ಒಬ್ಬ ಪಿಜಿ ನೋಡಿದ, ಇನ್ನೊಬ್ಬನ್ನ ಕರೆದ, ಇಬ್ರೂ ಇಂಗ್ಲಿಷಲ್ಲಿ ಏನೋ ಮಾತಾಡ್ಕೊಂಡು ಸೀನಿಯರ್ ಮೇಡಂನ ಕರ್ಕೊಂಡು ಬಂದ್ರು. ಮೂರನೇ ಸಲ ಗದ್ದ ಆ ಕಣ್ಣು ನೋಡೋ ಮೆಷಿನ್ ಮೇಲಿಡು ಅಂದಾಗ ಅಮ್ಮಂಗೂ ಸಿಟ್ಟು ನನಗೂ ಸಿಟ್ಟು, ಇವ್ರು ಕಲಿಯೋಕೆ ನಾವೇ ಬೇಕಿತ್ತಾ ಅಂತ. ಹಳದಿ ಡ್ರಾಪ್ಸ್ ಹಾಕಿ ನೀಲಿ ಲೈಟಲ್ಲಿ ಕಣ್ಣೊಳಗಿನ ಪ್ರೆಷರ್ ನೋಡಿದ್ರೆ 28. ನಾರ್ಮಲ್ 10ರಿಂದ 21. ಕಣ್ಣಿನ ನರಾನೂ ಸ್ವಲ್ಪ ಸವೆದಿತ್ತು, ಅಂದ್ರೆ ಪೊರೆ ಜೊತೆ ಗ್ಲಾಕೋಮಾ, ಕಣ್ಣಿನ ನರ ಸವೆಯೋ ಕಾಯಿಲೆ. ಸಾಮಾನ್ಯವಾಗಿ ನೋವಿರಲ್ಲ, ಪಕ್ಕದ ನೋಟ ಮೊದ್ಲು ಹೋಗತ್ತೆ, ಹೋಗಿದ್ದು ವಾಪಸ್ ಬರಲ್ಲ. ಮೇಡಂ ಇನ್ನೊಂದು ಮಾತು ಹೇಳಿದ್ರು: ಗ್ಲಾಕೋಮಾ ಇರೋ ಕಣ್ಣಿಗೆ ಮಲ್ಟಿಫೋಕಲ್ ಸರಿಹೋಗಲ್ಲ, ಮಬ್ಬು ಬೆಳಕಲ್ಲಿ ಇನ್ನೂ ಮಂಕಾಗಿ ಕಾಣತ್ತೆ ಅಂತ. ಆ ಪ್ಯಾಕೇಜ್ ನೆನೆಸ್ಕೊಂಡು ಎದೆ ಝಲ್ ಅಂತು.

ಪ್ರೆಷರ್ ಇಳಿಸೋ ಡ್ರಾಪ್ಸ್ ಬರೆಯೋ ಮುಂಚೆ ಅಮ್ಮಂಗೆ ಅಸ್ತಮಾ, ವೀಸಿಂಗ್ ಇದ್ಯಾ ಅಂತ ಮೊದ್ಲು ನೋಡಿದ ಪಿಜಿ ಹುಡುಗ ಎರಡೆರಡು ಸಲ ಕೇಳಿದ. ಕಣ್ಣಿಗೂ ಉಬ್ಬಸಕ್ಕೂ ಏನ್ ಸಂಬಂಧ ಅಂದೆ, ಟಿಮೋಲಾಲ್ ಡ್ರಾಪ್ಸ್ ಉಸಿರಾಟಕ್ಕೆ ತೊಂದ್ರೆ ಕೊಡಬಹುದು ಸಾರ್ ಅಂದ. ಬೇರೆ ರಾಜ್ಯದ ಹುಡುಗ, ಕನ್ನಡ ತೊದಲು, ಆದ್ರೆ ವಿಷ್ಯ ಪಕ್ಕಾ.

ಪ್ರೆಷರ್ ಇಳಿದ್ಮೇಲೆ ಆಪರೇಷನ್ ಆಯ್ತು, ಸಾದಾ ಮೊನೊಫೋಕಲ್ ಲೆನ್ಸ್, ಅಂದ್ರೆ ದೂರದ್ದಕ್ಕೆ ಮಾತ್ರ, ಓದೋಕೆ ಕನ್ನಡಕ ಬೇಕು ಅಷ್ಟೇ. ಅದಕ್ಕೆ ಮುಂಚೆ ಶುಗರ್, ಬಿಪಿ, ಇಸಿಜಿ, ಕಣ್ಣೀರಿನ ನಾಳಕ್ಕೆ ನೀರು ಬಿಡೋ ಟೆಸ್ಟ್ ಎಲ್ಲಾ ಆಗತ್ತೆ. ಉಪ್ಪುಪ್ಪು ನೀರು ಗಂಟಲಿಗೆ ಬಂದ್ರೆ ಗಾಬರಿಯಾಗ್ಬೇಡಿ, ನಾಳ ತೆರೆದಿದೆ ಅಂತರ್ಥ.

ಹೋಗೋರು ಬೆಳಗ್ಗೆ ಬೇಗ ಹೋಗಿ, ಒಂದಿಡೀ ದಿನ ಇಟ್ಕೊಳಿ, ಆಧಾರ್, ರೇಷನ್ ಕಾರ್ಡ್ ಇರ್ಲಿ. ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್ನಲ್ಲಿ ಇಳಿದ್ರೆ ನಡ್ಕೊಂಡೇ ಹೋಗ್ಬಹುದು. ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿದ್ರೆ ನಾಲ್ಕೈದು ಗಂಟೆ ಮಸುಕು, ಗಾಡಿ ಓಡಿಸ್ಬೇಡಿ, ಜೊತೆಗೊಬ್ರು ಬೇಕೇ ಬೇಕು. ದೀಪಾವಳಿ ಟೈಮಲ್ಲಿ ಪಟಾಕಿ ಕೇಸು ಬರ್ತಾನೇ ಇರತ್ತೆ, ಅರ್ಜೆಂಟಿಲ್ಲ ಅಂದ್ರೆ ಆ ವಾರ ಬಿಟ್ಬಿಡಿ.

ಅಮ್ಮಂಗೆ ಈಗ ಡ್ರಾಪ್ಸ್ ಬೆಳಗ್ಗೆ ಸಂಜೆ, ಜೀವನಪೂರ್ತಿ. ಕಪ್ಪು ಕನ್ನಡಕದ ಟೈಮ್ ಮುಗಿದು ತಿಂಗಳಾಯ್ತು, ಆದ್ರೂ ಮದ್ವೆ ಮನೆಗೆಲ್ಲ ಹಾಕ್ಕೊಂಡೇ ಬರ್ತಾರೆ.