ನಾಲ್ಕು ಹಾರರ್ ಆಟ, ಒಂದು ನೋಟ್‌ಬುಕ್

ಹಾರರ್ ವಿಡಿಯೋ ಗೇಮಿನಲ್ಲಿ ಕಷ್ಟದ ಒಗಟು ಇಡುವುದು ಅಪಾಯದ ಕೆಲಸ. ಒಂದೇ ಬಾಗಿಲ ಮುಂದೆ ನಲವತ್ತು ನಿಮಿಷ ನಿಂತವರಿಗೆ ಹೆದರಿಕೆ ಎಲ್ಲಿ ಉಳಿಯುತ್ತದೆ? ಮೊದಲ ಐದು ನಿಮಿಷ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತದೆ. ಹತ್ತು ನಿಮಿಷ ಕಳೆದರೆ ಬೀಗ ಬಿಟ್ಟು ಬೇರೇನೂ ಕಾಣುವುದಿಲ್ಲ. ಅರ್ಧ ಗಂಟೆ ಆದಮೇಲೆ ದೆವ್ವವೇ ಬಂದು ಪಕ್ಕದಲ್ಲಿ ನಿಂತರೂ, "ನಿನಗಾದ್ರೂ ಈ ನಂಬರ್ ಗೊತ್ತಾ ಮಾರಾಯ?" ಅಂತ ಕೇಳುವ ಹಾಗಾಗುತ್ತದೆ.

ಹಾಗಾಗಿ ಈ ಸಲ ನಾಲ್ಕು ಇಂಡೀ ಆಟಗಳನ್ನು (ಚಿಕ್ಕ ಸ್ವತಂತ್ರ ತಂಡಗಳು ಮಾಡಿದಂಥವು) ಒಂದಾದ ಮೇಲೊಂದು ಆಡಿ, ಒಂದೇ ಪ್ರಶ್ನೆ ಕೇಳಿಕೊಂಡೆ. ನಾನು ಸಿಕ್ಕಿಹಾಕಿಕೊಂಡಾಗ ಹೆದರಿಕೆಗೆ ಏನಾಗುತ್ತದೆ? ಒಗಟು ಎಷ್ಟು ಕಷ್ಟ ಅನ್ನುವುದು ಆಮೇಲಿನ ಮಾತು. ಆಡಿದ್ದು ಐಮ್‌ಸ್ಕೇರ್ಡ್, ಸಿಗ್ನಾಲಿಸ್, ಇನ್‌ಸ್ಕ್ರಿಪ್ಷನ್ ಮತ್ತು ಲೋರೆಲೈ ಆಂಡ್ ದಿ ಲೇಸರ್ ಐಸ್. ರಾತ್ರಿ ಮಾತ್ರ ಆಡಬೇಕು, ಹೆಡ್‌ಫೋನ್ ಇರಬೇಕು, ಒಂದು ಒಗಟಿಗೆ ಎರಡು ರಾತ್ರಿ ಕೊಡದೆ ವಾಕ್‌ಥ್ರೂ, ಅಂದರೆ ಬೇರೆಯವರು ಬರೆದಿಟ್ಟ ಉತ್ತರ, ನೋಡಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಈ ಕೊನೆಯದನ್ನು ಒಮ್ಮೆ ಮುರಿದೆ. ಎಲ್ಲಿ ಅಂತ ಮುಂದೆ ಹೇಳುತ್ತೇನೆ. ಉತ್ತರಗಳನ್ನಂತೂ ಇಲ್ಲಿ ಬಿಟ್ಟುಕೊಡುವುದಿಲ್ಲ.

ಚಿಕ್ಕದರಿಂದ ಶುರು ಮಾಡೋಣ. ಐಮ್‌ಸ್ಕೇರ್ಡ್ ಆಟವನ್ನು ಮಾಡಿದವರು ಇವಾನ್ ಜನೋಟ್ಟಿ. 2012ರಲ್ಲಿ ಉಚಿತವಾಗಿ ಬಂದಿತ್ತು, 2016ರಲ್ಲಿ ಇನ್ನಷ್ಟು ಬೆಳೆದು, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಬಂತು. ನೋಡುವುದಕ್ಕೆ ಏನೇನೂ ಇಲ್ಲ. ಒಂದೊಂದು ಪಿಕ್ಸೆಲ್ ಇಟ್ಟಿಗೆ ಗಾತ್ರ, ಗೋಡೆ ಯಾವುದು ಬಾಗಿಲು ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಆದರೆ ಇದರ ಒಗಟಿನ ಅರ್ಧ ಭಾಗ ಆಟದ ಒಳಗೆ ಇರುವುದೇ ಇಲ್ಲ. ಆಟ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಹೋಗುವಾಗ ನಿಮ್ಮ ಕಂಪ್ಯೂಟರಿನಲ್ಲಿ ಫೈಲ್ ಇಟ್ಟು ಹೋಗುತ್ತದೆ. ಮುಂದಿನ ದಾರಿ ತಿಳಿಯುವುದು ಅದನ್ನು ತೆರೆದು ಓದಿದಾಗ.

ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ ಮುಚ್ಚಿಕೊಂಡಾಗ ಕ್ರ್ಯಾಶ್ ಆಯಿತು ಅಂದುಕೊಂಡೆ. ಮತ್ತೆ ತೆರೆದೆ, ಒಂದಷ್ಟು ಅಲೆದೆ, ಬೈದುಕೊಂಡು ನಾನೇ ಮುಚ್ಚಿದೆ. ತಪ್ಪು ನನ್ನದೇ. ನನ್ನ ಡೆಸ್ಕ್‌ಟಾಪ್ ಅಂದರೆ ಸಂತೆ. ಹಳೇ ಸ್ಕ್ರೀನ್‌ಶಾಟ್‌ಗಳು, ಯಾವಾಗಲೋ ಇಳಿಸಿಕೊಂಡ ಪಿಡಿಎಫ್‌ಗಳು, ಹೆಸರೇ ಇಡದ ಏಳೆಂಟು ಫೋಲ್ಡರ್. ಅವುಗಳ ಮಧ್ಯೆ ನಾನು ಇಡದ ಒಂದು ಫೈಲ್ ಕೂತಿತ್ತು. ಅದರ ಮೇಲೆ ಮೌಸ್ ತಂದಾಗ ಕ್ಲಿಕ್ ಮಾಡಲು ಬೆರಳು ಒಪ್ಪಲಿಲ್ಲ. ಆಟ ತೆರೆದಿಲ್ಲ, ಹೆಡ್‌ಫೋನ್ ಕೂಡ ತೆಗೆದಿಟ್ಟಿದ್ದೇನೆ, ಆದರೂ ಎದೆ ಹೊಡೆದುಕೊಳ್ಳುತ್ತಿದೆ. ಆಟದಿಂದ ಆಚೆ ಬಂದರೆ ಬಚಾವ್ ಅನ್ನುವ ಧೈರ್ಯವನ್ನೇ ಇದು ಕಿತ್ತುಕೊಳ್ಳುತ್ತದೆ. ಇಲ್ಲಿ ಸಿಕ್ಕಿಹಾಕಿಕೊಂಡರೆ ಹೆದರಿಕೆ ಕಮ್ಮಿ ಆಗುವುದಿಲ್ಲ. ನಮ್ಮದೇ ಮನೆಯಲ್ಲಿ ಕಳ್ಳ ಎಲ್ಲಿ ಅಡಗಿದ್ದಾನೆ ಅಂತ ಹುಡುಕಿದ ಹಾಗೆ ಇರುತ್ತದೆ.

ಆದರೆ ಒಂದು ಸಲ ಗುಟ್ಟು ಗೊತ್ತಾಯಿತೋ, ಮುಗಿಯಿತು. ಆಮೇಲೆ ಆಟ ಮುಚ್ಚಿಕೊಂಡಾಗಲೆಲ್ಲ ಕೈ ತಾನಾಗಿ ಫೋಲ್ಡರ್ ಕಡೆ ಹೋಗುತ್ತದೆ. ಉಳಿದ ಒಗಟುಗಳಲ್ಲಿ ಯೋಚಿಸುವುದಕ್ಕಿಂತ ಕತ್ತಲಲ್ಲಿ ಕೀಲಿ ಹುಡುಕಿಕೊಂಡು ಓಡಾಡುವುದೇ ಜಾಸ್ತಿ.

ಸಿಗ್ನಾಲಿಸ್ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಗುಟ್ಟುಗಿಟ್ಟು ಇಲ್ಲ, ಎಲ್ಲವೂ ಲೆಕ್ಕಾಚಾರ. ರೋಸ್-ಎಂಜಿನ್ ಅನ್ನುವ ಇಬ್ಬರೇ ಇಬ್ಬರ ತಂಡ ಇದನ್ನು 2022ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿತು. ಆಡುವ ಪಾತ್ರ ಎಲ್‌ಸ್ಟರ್, ಮನುಷ್ಯರಂತೆ ಕಾಣುವ ಯಂತ್ರ. ಒಗಟುಗಳು ಚೆನ್ನಾಗಿವೆ, ಅದರಲ್ಲೂ ರೇಡಿಯೋ ಬಳಸಿ ಬಿಡಿಸುವಂಥವು. ಫ್ರೀಕ್ವೆನ್ಸಿ ತಿರುಗಿಸುತ್ತಾ ಗರಗರ ಸದ್ದಿನ ಮಧ್ಯೆ ಬೇಕಾದದ್ದನ್ನು ಕೇಳಿಸಿಕೊಳ್ಳಬೇಕು. ಹೆಡ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಇದನ್ನು ಮಾಡುವಾಗ ಮೈ ಜುಂ ಅನ್ನುತ್ತದೆ.

ಆದರೂ ನಾಲ್ಕರಲ್ಲಿ ಒಗಟಿನ ಕಷ್ಟಕ್ಕೆ ಇದನ್ನು ನೆನೆಯುವುದಿಲ್ಲ. ಇಲ್ಲಿ ಕಾಡುವುದು ಚೀಲ. ಎಲ್‌ಸ್ಟರ್ ಹತ್ತಿರ ಇರುವುದು ಆರೇ ಆರು ಜಾಗ. ಪಿಸ್ತೂಲಿಗೆ ಒಂದು, ಗುಂಡಿಗೆ ಒಂದು, ಔಷಧಿಗೆ ಒಂದು. ಉಳಿದ ಮೂರರಲ್ಲಿ ಕೀಲಿ ಇಡುತ್ತೀರೋ, ಒಗಟಿನ ತುಂಡು ಇಡುತ್ತೀರೋ ನೀವೇ ನೋಡಿಕೊಳ್ಳಿ. ಹೊಡೆದು ಕೆಡವಿದ ಶತ್ರುಗಳು ಆಮೇಲೆ ಮತ್ತೆ ಏಳಬಹುದು, ಏಳಬಾರದು ಅಂದರೆ ಸುಡಬೇಕು. ಹಾಗಾಗಿ 'ಆ ರೂಮಿಗೆ ಇನ್ನೊಂದು ಸಲ ಹೋಗಿ ಸುಳಿವು ನೋಡಿಕೊಂಡು ಬರ್ತೀನಿ' ಅನ್ನುವುದು ಸುಮ್ನೆ ಮಾತಲ್ಲ. ಹೋಗಿ ಬರುವುದಕ್ಕೆ ಗುಂಡು ಖರ್ಚು, ಔಷಧಿ ಖರ್ಚು. ಸಿಕ್ಕಿಹಾಕಿಕೊಳ್ಳುವುದಕ್ಕೆ ಬೆಲೆ ಕಟ್ಟಿ ಹೆದರಿಕೆಯನ್ನು ಉಳಿಸಿಕೊಂಡ ಆಟ ಇದೊಂದೇ. ಆ ಬೆಲೆ ಕೆಲವು ಸಲ ಅತಿಯಾಯಿತು ಅಂತಲೂ ಹೇಳಬೇಕು. ಒಂದು ಕೀಲಿಗಾಗಿ ಸಾಮಾನಿನ ಪೆಟ್ಟಿಗೆಗೆ ಮೂರನೇ ಸಲ ವಾಪಸ್ ನಡೆದಾಗ ನನಗೆ ಬಂದದ್ದು ಭಯ ಅಲ್ಲ, ಆಕಳಿಕೆ.

ಇನ್‌ಸ್ಕ್ರಿಪ್ಷನ್ ಬಗ್ಗೆ ಹೇಳುವಾಗ ಸ್ವಲ್ಪ ಹುಷಾರಾಗಿರಬೇಕು, ಎಲ್ಲವನ್ನೂ ಹೇಳಿಬಿಟ್ಟರೆ ಆಡುವವರಿಗೆ ಮೋಸ. ಡೇನಿಯಲ್ ಮುಲ್ಲಿನ್ಸ್ ಇದರ ಬೀಜ ಹಾಕಿದ್ದು 2018ರ ಒಂದು ಲುಡುಮ್ ಡೇರ್ ಗೇಮ್ ಜ್ಯಾಮ್‌ನಲ್ಲಿ, ಅಂದರೆ ಕೊಟ್ಟ ವಿಷಯದ ಮೇಲೆ ಕೆಲವೇ ದಿನದಲ್ಲಿ ಆಟ ಮಾಡುವ ಕೂಟದಲ್ಲಿ. ಬಲಿ ಕೊಡಲೇಬೇಕು ಅನ್ನುವುದು ಆ ಸಲದ ವಿಷಯ. 2021ರ ಅಕ್ಟೋಬರ್‌ನಲ್ಲಿ ದೊಡ್ಡ ಆಟವಾಗಿ ಬಂತು, ಮರುವರ್ಷ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಮುಖ್ಯ ಪ್ರಶಸ್ತಿ ಗೆದ್ದಿತು. ಮೊದಲ ಸಲ ತೆರೆದರೆ 'ಹೊಸ ಆಟ' ಬಟನ್ ಒತ್ತಲಿಕ್ಕೇ ಬರುವುದಿಲ್ಲ, 'ಮುಂದುವರಿಸಿ' ಅನ್ನುವುದು ಮಾತ್ರ ಕೆಲಸ ಮಾಡುತ್ತದೆ. ಹಾಗಾದರೆ ನನಗಿಂತ ಮೊದಲು ಯಾರು ಆಡುತ್ತಿದ್ದರು? ಮೆನುವಿನಲ್ಲೇ ಒಂದು ಹುಳ ಬಿಟ್ಟಾಯಿತು.

ಕತ್ತಲೆ ಗುಡಿಸಲು, ಒಂದು ಮೇಜು, ಎದುರಿಗೆ ಕಣ್ಣು ಮಾತ್ರ ಕಾಣುವ ಒಬ್ಬ. ಅವನ ಜೊತೆ ಇಸ್ಪೀಟಿನ ಥರದ ಕಾರ್ಡ್ ಆಟ. ಕಾರ್ಡುಗಳಲ್ಲಿ ಕೆಲವು ಮಾತಾಡುತ್ತವೆ. ಸೋಲುವ ಹಾಗಾದರೆ ಇಕ್ಕಳ ತಗೊಂಡು ನಿಮ್ಮ ಹಲ್ಲನ್ನೇ ಕಿತ್ತು, ಸೋಲು ಗೆಲುವು ತೂಗುವ ತಕ್ಕಡಿಯಲ್ಲಿ ಹಾಕಬಹುದು. ಮೊದಲ ಸಲ ನಾನು ನಿಜವಾಗಿಯೂ ನಾಲಿಗೆ ಹೊರಳಿಸಿ ಹಲ್ಲು ಮುಟ್ಟಿ ನೋಡಿಕೊಂಡೆ. ಆಮೇಲೆ ಗೊತ್ತಾಗುತ್ತದೆ, ಮೇಜು ಬಿಟ್ಟು ಎದ್ದು ಓಡಾಡಬಹುದು ಅಂತ. ಒಗಟುಗಳಿರುವುದು ಅಲ್ಲಿ. ಗೋಡೆಯ ಪಕ್ಕದ ತಿಜೋರಿ, ಗಡಿಯಾರ, ಕಪಾಟು.

ತಿಜೋರಿಯ ನಂಬರಿಗೆ ನಾನು ಒಂದು ಇಡೀ ರಾತ್ರಿ ಕೊಟ್ಟೆ. ಸುಮ್ಮಸುಮ್ಮನೆ ಅಂಕಿ ತಿರುಗಿಸಿದೆ. ಗುಡಿಸಲಿನ ಮೂಲೆ ಮೂಲೆ ನೋಡಿದೆ. ಸಾಕಾಗಿ ವಾಪಸ್ ಮೇಜಿಗೆ ಬಂದು ಕೂತು ಒಂದು ಸುತ್ತು ಕಾರ್ಡ್ ಆಡಿದೆ. ಆಡುವಾಗ ಬೇರೆ ಏನೋ ಕೆಲಸಕ್ಕೆ ಕೈ ಹಾಕಿದ್ದೆ, ಸುಳಿವು ಅಲ್ಲೇ ಕಣ್ಣೆದುರಿಗೆ ಇತ್ತು. ಅದು ಮೊದಲಿನಿಂದಲೂ ಅಲ್ಲೇ ಬಿದ್ದಿತ್ತು! ಈ ಆಟದ ಜಾಣತನ ಅಂದರೆ ಇದೇ. ಒಗಟು ಬಿಡಿಸಲಾಗದೆ ಕೈಚೆಲ್ಲಿದರೆ ಮಾಡಲು ಇನ್ನೊಂದು ಕೆಲಸ ಇದೆ. ಆ ಕೆಲಸಕ್ಕೆ ಮತ್ತೆ ಅದೇ ಮನುಷ್ಯನ ಎದುರೇ ಕೂರಬೇಕು. ತಲೆಗೆ ಬಿಡುವು ಸಿಗುತ್ತದೆ, ಹೆದರಿಕೆಗೆ ಬಿಡುವು ಸಿಗುವುದಿಲ್ಲ.

ದೂರು ಒಂದೇ. ಮೊದಲ ಭಾಗ ಮುಗಿದ ಮೇಲೆ ಆಟ ಪೂರ್ತಿ ವೇಷ ಬದಲಿಸುತ್ತದೆ. ಅಲ್ಲಿಂದ ಮುಂದೆ ಜಾಣತನ ಹೆಚ್ಚಿತು, ಭಯ ಇಳಿಯಿತು. ಆ ಬದಲಾವಣೆಯೇ ಇಷ್ಟ ಅನ್ನುವವರು ಬಹಳ ಜನ ಇದ್ದಾರೆ. ನನಗೆ ಮಾತ್ರ ಗುಡಿಸಲು ಬಿಟ್ಟು ಬಂದದ್ದು ಬೇಜಾರಾಯಿತು.

ಈಗ ನೋಟ್‌ಬುಕ್ ತುಂಬಿಸಿದ ಆಟ. ಲೋರೆಲೈ ಆಂಡ್ ದಿ ಲೇಸರ್ ಐಸ್ 2024ರ ಮೇ ತಿಂಗಳಲ್ಲಿ ಬಂತು, ಮಾಡಿದ್ದು ಸ್ವೀಡನ್ನಿನ ಸಿಮೋಗೋ. ಇವರು ಒಗಟನ್ನು ಆಟದಾಚೆ ಇಡುವುದರಲ್ಲಿ ಹಳೇ ಕೈ. 2013ರಲ್ಲಿ ಇವರದ್ದೇ ಇಯರ್ ವಾಕ್ ಅನ್ನುವ ಆಟ ಐಫೋನ್‌ಗೆ ಬಂದಾಗ ಜೊತೆಗೆ ಇನ್ನೊಂದು ಉಚಿತ ಆ್ಯಪ್ ಕೊಟ್ಟಿದ್ದರು. ನೋಡಿದರೆ ಜನಪದ ನಂಬಿಕೆಗಳ ವಿಶ್ವಕೋಶದ ಥರ ಕಾಣುತ್ತಿತ್ತು. ಕತೆಯ ನಿಜವಾದ ಕೊನೆ ಅದರೊಳಗೆ ಬೀಗ ಹಾಕಿಕೊಂಡು ಕೂತಿತ್ತು.

ಲೋರೆಲೈಯಲ್ಲಿ 1963ರಲ್ಲಿ ಒಬ್ಬಳು ಹೆಂಗಸಿಗೆ ಕಾಗದ ಬರುತ್ತದೆ, ಅವಳು ಮಧ್ಯ ಯುರೋಪಿನ ಒಂದು ಹಳೇ ಹೋಟೆಲಿಗೆ ಹೋಗುತ್ತಾಳೆ. ಹೋಟೆಲಿನ ಹೆಸರು ಲೆಟ್ಸ್‌ಟೆಸ್ ಯಾರ್, ಜರ್ಮನ್‌ನಲ್ಲಿ 'ಕಳೆದ ವರ್ಷ'. ಎಲ್ಲಾ ಕಪ್ಪು ಬಿಳುಪು, ಮಧ್ಯೆ ಅಲ್ಲಲ್ಲಿ ಕೆಂಪು. ಹೊಡೆದಾಟ ಇಲ್ಲ. ಎಲ್ಲಿ ನೋಡಿದರೂ ಬೀಗ, ಎಲ್ಲಿ ನೋಡಿದರೂ ಇಸವಿ, ರೋಮನ್ ಅಂಕಿ, ಪೋಸ್ಟರ್, ಪತ್ರ. ಓದಿದ ಕಾಗದವನ್ನೆಲ್ಲ ಆಟ ನೆನಪಿಟ್ಟುಕೊಳ್ಳುತ್ತದೆ, ಬೇಕಾದಾಗ ತೆಗೆದು ನೋಡಬಹುದು. ಆದರೆ ಯಾವ ಕಾಗದ ಯಾವ ಬೀಗಕ್ಕೆ ಅಂತ ಹೇಳುವುದಿಲ್ಲ. ಪೆನ್ನು ಕಾಗದ ಇಲ್ಲದೆ ಕೂರುವುದೇ ದಂಡ.

ನನ್ನ ನೋಟ್‌ಬುಕ್‌ನಲ್ಲಿ 31 ಪುಟ ತುಂಬಿತು. ಎರಡನೇ ರಾತ್ರಿ ಒಂದು ಬಾಗಿಲಿಗೆ ಅಂಟಿಕೊಂಡೆ. ಲೆಕ್ಕ ಸರಿ ಇದೆ ಅಂತ ಮನಸ್ಸು ಹೇಳುತ್ತಿದೆ, ಬೀಗ ಮಾತ್ರ ತೆಗೆಯುತ್ತಿಲ್ಲ. ನಿಯಮ ಮುರಿದು ವಾಕ್‌ಥ್ರೂ ತೆರೆದದ್ದು ಇಲ್ಲೇ. ಲೆಕ್ಕ ನಿಜವಾಗಿಯೂ ಸರಿಯಿತ್ತು. ಅವಸರದಲ್ಲಿ ಗೀಚಿದ 1 ಅನ್ನು ನಾನೇ 7 ಅಂತ ಓದಿಕೊಂಡಿದ್ದೆ! ಯಾರ ಮೇಲೆ ಸಿಟ್ಟು ಮಾಡೋದು ಹೇಳಿ.

ಸಿಟ್ಟು ಬರಿಸುವ ಇನ್ನೊಂದು ಸಂಗತಿ ಬಟನ್. ಯಾವ ಬಟನ್ ಒತ್ತಿದರೂ ಒಂದೇ ಕೆಲಸ, 'ಹಿಂದೆ ಹೋಗು' ಅನ್ನುವುದಕ್ಕೆ ಬೇರೆ ಬಟನ್ನೇ ಇಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ. ಆದರೆ ಒಂದು ಕಾಗದ ತೆರೆದು ಮುಚ್ಚುವುದಕ್ಕೆ ಇಷ್ಟು ಸುತ್ತು ಹೊಡೆಯಬೇಕಾ? ನೂರನೇ ಸಲ ಮಾಡುವಾಗ ಕಲೆ ಗಿಲೆ ಯಾವುದೂ ನೆನಪಿಗೆ ಬರುವುದಿಲ್ಲ.

ಹೆದರಿಕೆ? ಬೆಚ್ಚಿಬೀಳುವುದು ಕಮ್ಮಿ. ಒಂದು ಬಾಗಿಲು ಆಗಲಿಲ್ಲ ಅಂದರೆ ಇನ್ನೊಂದಕ್ಕೆ ಹೋಗಬಹುದಾದ್ದರಿಂದ ಸಿಕ್ಕಿಹಾಕಿಕೊಳ್ಳುವುದೂ ನಿಧಾನವಾಗಿಯೇ. ಒಂದು ಹೊತ್ತಿನಲ್ಲಿ ಹೋಟೆಲೆಲ್ಲ ಸುತ್ತಿದರೂ ಕೈಯಲ್ಲಿ ಹನ್ನೆರಡು ಅರ್ಧ ಉತ್ತರ, ತೆರೆಯುವ ಬಾಗಿಲು ಒಂದೂ ಇಲ್ಲ. ಆಗಲೂ ಭಯ ಅನ್ನಿಸಲಿಲ್ಲ. ಅನ್ನಿಸಿದ್ದು ಮರುದಿನ ಬೆಳಗ್ಗೆ. ನೋಟ್‌ಬುಕ್ ತೆರೆದರೆ 22ನೇ ಪುಟದ ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ "ಇವಳು ಇಲ್ಲಿಗೆ ಮೊದಲೇ ಬಂದಿದ್ದಾಳೆ, ಅಲ್ವಾ?" ಅಂತ ಬರೆದಿತ್ತು. ಯಾವಾಗ ಬರೆದೆ, ಏನು ನೋಡಿ ಬರೆದೆ, ಒಂದೂ ನೆನಪಿಲ್ಲ. ಹಗಲು ಹೊತ್ತಿನಲ್ಲಿ, ಆಟ ಬಂದ್ ಇರುವಾಗ ತಣ್ಣಗೆ ಬೆವರಿದ್ದು ಈ ನಾಲ್ಕರಲ್ಲಿ ಅದೊಂದೇ ಸಲ.

ಒಗಟಿನ ಕಷ್ಟ ಅಂದರೆ ಲೋರೆಲೈ ಹತ್ತಿರಕ್ಕೂ ಉಳಿದ ಮೂರು ಬರುವುದಿಲ್ಲ. ಬರಿ ಹೆದರಿಕೆಯೇ ಬೇಕು ಅಂದರೆ ಐಮ್‌ಸ್ಕೇರ್ಡ್‌ನ ಮೊದಲ ಗಂಟೆ ಸಾಕು, ಮುಗಿಸದಿದ್ದರೂ ನಷ್ಟ ಇಲ್ಲ. ಆದರೆ ನೀವು ಇಲ್ಲಿಯವರೆಗೆ ಓದಿಬಿಟ್ಟಿದ್ದೀರಿ, ನನಗೆ ಬಡಿದಷ್ಟು ನಿಮಗೆ ಬಡಿಯಲಿಕ್ಕಿಲ್ಲ. ಸಾರಿ. ಗುಂಡು ಹೊಡೆಯುವುದರ ಮಧ್ಯೆ ಒಗಟು ಬೇಕು ಅನ್ನುವವರಿಗೆ ಸಿಗ್ನಾಲಿಸ್. ಈ ಥರದ್ದನ್ನು ಯಾವತ್ತೂ ಆಡಿಲ್ಲದ ಗೆಳೆಯರು ಕೇಳಿದರೆ ಕಣ್ಣು ಮುಚ್ಚಿಕೊಂಡು ಇನ್‌ಸ್ಕ್ರಿಪ್ಷನ್ ಹೇಳುತ್ತೇನೆ. ನಾನೇ ಮತ್ತೆ ಆಡುವುದಾದರೆ ಲೋರೆಲೈ, ಬಟನ್ನಿಗೆ ಬೈದುಕೊಂಡೇ. ಈ ಸಲ ಪೆನ್ಸಿಲ್ ಇಟ್ಟುಕೊಂಡು, 1 ಮತ್ತು 7 ಅನ್ನು ಬಿಡಿಸಿ ಬರೆದುಕೊಂಡು.