"ಮೋಟರ್ ಸಮೇತ" ಮಾಡೆಲ್ ರಾಕೆಟ್ ಕಿಟ್ ತರಿಸುವವರು ದಯವಿಟ್ಟು ಇದನ್ನು ಓದಿ

ಮೊದಲು ವಿಷಯ ಹೇಳಿಬಿಡುತ್ತೇನೆ. ಯಾರಾದರೂ "ಮಾಡೆಲ್ ರಾಕೆಟ್ ಕಿಟ್, ಮೋಟರ್ ಸಮೇತ, ಮನೆ ಬಾಗಿಲಿಗೇ ಡೆಲಿವರಿ" ಅಂತ ಮಾರುತ್ತಿದ್ದರೆ ದುಡ್ಡು ಹಾಕಬೇಡಿ. ಈಗಾಗಲೇ ತರಿಸಿದ್ದರೆ ಆ ಮೋಟರನ್ನು ಉಜ್ಜಬೇಡಿ, ಕೊರೆಯಬೇಡಿ, ಬಿಚ್ಚಿ ನೋಡಬೇಡಿ. ಮೋಟರ್ ಅಂದರೆ ಇಲ್ಲಿ ಕರೆಂಟಿನದ್ದಲ್ಲ, ಒಳಗಿನ ಸಿಡಿಮದ್ದು ಉರಿದು ರಾಕೆಟನ್ನು ಮೇಲಕ್ಕೆ ತಳ್ಳುವ ಕೊಳವೆ. ನಮ್ಮ ಮನೆಗೆ ಬಂದಿದ್ದು ಮೋಟರ್ ಅಲ್ಲವೇ ಅಲ್ಲ. ಗೋಡೆಯೊಳಗೆ ವೈರಿಂಗ್ ಎಳೆಯುವ ಪಿವಿಸಿ ಪೈಪಿನ ತುಂಡು, ಅದರೊಳಗೆ ಮನೆಯಲ್ಲೇ ಬೇಯಿಸಿ ತುಂಬಿದ ಮದ್ದು. ಅದನ್ನು ನನ್ನ ಅಕ್ಕನ ಮಗ ತೊಡೆಯ ಮೇಲಿಟ್ಟುಕೊಂಡು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜುತ್ತಾ ಕೂತಿದ್ದ. ಉಜ್ಜು ಅಂತ ಅವನಿಗೆ ಹೇಳಿದ್ದು ಮಾರಿದವನೇ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರಹ ಹಿಂದುಮುಂದಾದರೆ ಸಹಿಸಿಕೊಳ್ಳಿ.

ಹುಡುಗ ಮೊದಲನೇ ಪಿಯುಸಿ. ತುಮಕೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಾನೆ. ಇಬ್ಬರಿಗೂ ರಾಕೆಟ್ ಹುಚ್ಚು. ಜ್ಯೂಸ್ ಬಾಟಲಿ, ಸೈಕಲ್ ಪಂಪು ಇಟ್ಟುಕೊಂಡು ನೀರಿನ ರಾಕೆಟ್ ಹಾರಿಸಿದ್ದೇವೆ. ಆಮೇಲೆ ರಟ್ಟಿನ ಕೊಳವೆ, ಬಾಲ್ಸಾ ಮರದ ರೆಕ್ಕೆ, ಪ್ಲಾಸ್ಟಿಕ್ ಹಾಳೆಯ ಪ್ಯಾರಾಚೂಟು ಅಂತ ಸರಿಯಾದ ಬಾಡಿ ಮಾಡುವುದನ್ನು ಕಲಿತೆವು. ಓಪನ್‌ರಾಕೆಟ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ತೂಕ ಅಳತೆ ಎಲ್ಲ ಹಾಕಿ ನೆಟ್ಟಗೆ ಹಾರುತ್ತದೋ ಇಲ್ಲವೋ ನೋಡುತ್ತಿದ್ದೆವು. ಇಲ್ಲದ್ದು ಒಂದೇ, ಮೋಟರ್. ಅಮೆರಿಕದಲ್ಲಿ ಹಾಬಿ ಅಂಗಡಿಗೆ ಹೋದರೆ ಎಸ್ಟಿಸ್ ಕಂಪನಿಯ ಮೋಟರ್ ಪ್ಯಾಕೆಟ್‌ನಲ್ಲಿ ನೇತುಹಾಕಿರುತ್ತಾರೆ. ನಮ್ಮಲ್ಲಿ ಹಾಗೆ ಸಿಗಲ್ಲ ಅಂತ ಈ ಹವ್ಯಾಸ ಇರುವವರಿಗೆಲ್ಲ ಗೊತ್ತು. ಅದಕ್ಕೇ ಯಾರಾದರೂ "ಇದೆ" ಅಂದರೆ ಜನ ಓಡಿಬರುತ್ತಾರೆ. ಈ ಮಾರುವವನು ಹಿಡಿದುಕೊಂಡಿರುವುದೂ ಆ ಆಸೆಯನ್ನೇ.

ಜಾಹೀರಾತಿನಲ್ಲಿ "ಅಮೆರಿಕನ್ ಸ್ಟ್ಯಾಂಡರ್ಡ್ ಸಿ6-5 ಮೋಟರ್" ಅಂತ ಇತ್ತು. ಫೋಟೋದಲ್ಲಿದ್ದದ್ದು ಅಸಲಿ ಮೋಟರೇ. ಸಿ6-5 ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಯಾಕೆಂದರೆ ಮೋಸ ಇರುವುದೇ ಅಲ್ಲಿ. ಸಿ ಅನ್ನುವುದು ಮೋಟರ್ ಒಟ್ಟಾರೆ ಎಷ್ಟು ತಳ್ಳುತ್ತದೆ ಅನ್ನುವುದರ ವರ್ಗ, ಬಲವನ್ನು ಉರಿಯುವ ಸಮಯದಿಂದ ಗುಣಿಸಿದ ಲೆಕ್ಕ. 5ಕ್ಕಿಂತ ಜಾಸ್ತಿ, 10 ನ್ಯೂಟನ್ ಸೆಕೆಂಡ್ ಒಳಗೆ. ಒಂದೊಂದು ಅಕ್ಷರ ಮುಂದೆ ಹೋದರೆ ಮಿತಿ ಎರಡು ಪಟ್ಟು. 6 ಅಂದರೆ ಸರಾಸರಿ ತಳ್ಳುವ ಬಲ, ನ್ಯೂಟನ್ ಲೆಕ್ಕದಲ್ಲಿ. 5 ಅಂದರೆ ಉರಿದು ಮುಗಿದ ಮೇಲೆ ಐದು ಸೆಕೆಂಡ್ ತಡೆದು, ಆಮೇಲೆ ಮುಂದಿನ ಕಡೆಗೆ ಒಂದು ಸಣ್ಣ ಸಿಡಿತ. ಆ ಸಿಡಿತ ರಾಕೆಟಿನ ತುದಿಯ ಮೂತಿಯನ್ನು ತಳ್ಳಿ ಪ್ಯಾರಾಚೂಟನ್ನು ಹೊರಗೆ ಹಾಕುತ್ತದೆ. ಈ ಕೊನೇ ಐದನ್ನು ನೆನಪಿಟ್ಟುಕೊಳ್ಳಿ.

ದುಡ್ಡು ಕಳಿಸುವ ಮೊದಲೇ ಕೇಳಿದೆ, ಇದಕ್ಕೆ ಲೈಸೆನ್ಸ್ ಇದೆಯಾ ಅಂತ. "ನಮ್ಮ ಹತ್ರ ಎಲ್ಲಾ ಪರ್ಮಿಷನ್ ಇದೆ ಸರ್, ಗವರ್ನಮೆಂಟ್ ಸರ್ಟಿಫಿಕೇಟ್ ಕಳಿಸ್ತೀನಿ" ಅಂದ. ಕಳಿಸಿದ್ದು ಉದ್ಯಮ್ ನೋಂದಣಿ ಪತ್ರ. ಉದ್ಯಮ್ ಅಂದರೆ ಸಣ್ಣ ಉದ್ದಿಮೆ ನಡೆಸುವ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪುಕ್ಕಟೆ ಮಾಡಿಸಿಕೊಳ್ಳುವುದು. ಟೈಲರ್ ಅಂಗಡಿಗೂ ಸಿಗುತ್ತದೆ, ಹಪ್ಪಳ ಮಾಡುವವರಿಗೂ ಸಿಗುತ್ತದೆ. ಮದ್ದಿಗೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಅದನ್ನೇ ಬರೆದೆ. ಸ್ಫೋಟಕಗಳ ಲೈಸೆನ್ಸ್ ನಾಗ್ಪುರದ ಪೆಸೋದಿಂದ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯಿಂದ, ಬರುತ್ತದಲ್ವಾ ಅಂತ ಕೇಳಿದೆ. ಉತ್ತರ: "ಅದು ಮಿಸೈಲ್‌ಗೆ ಸರ್. ನಮ್ಮದು ಎಜುಕೇಷನಲ್ ಕಿಟ್. ಮೋಟರ್ ಇಂಪೋರ್ಟರ್ ಹತ್ರ ತಗೋತೀವಿ, ಪೇಪರ್ಸ್ ಎಲ್ಲಾ ಅವರ ಹತ್ರ ಇದೆ, ಪಾರ್ಸೆಲ್ ಜೊತೇಲೇ ಕಾಪಿ ಬರುತ್ತೆ. ಸ್ಕೂಲ್‌ಗಳಿಗೆಲ್ಲಾ ಕೊಡ್ತಾ ಇದೀವಿ." ಎಷ್ಟು ಧೈರ್ಯವಾಗಿ ಹೇಳಿದ ಅಂದರೆ, ಎದುರಿಗೆ ಇರುವವನು ನಿಜ ಹೇಳುತ್ತಿದ್ದಾನೆ ಅಂತಲೇ ಅನಿಸುತ್ತದೆ. 7,400 ರೂಪಾಯಿ, ಪೂರ್ತಿ ಮುಂಗಡ, ಯುಪಿಐನಲ್ಲಿ. ಬಿಲ್ ಕೇಳಿದರೆ "ಬಿಲ್ ಬೇಕಾದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಸರ್".

ಪಾರ್ಸೆಲ್ ಬಂದಿದ್ದು ಮಾಮೂಲಿ ಕೊರಿಯರ್‌ನಲ್ಲಿ. ಮೇಲೆ "ಸ್ಕೂಲ್ ಪ್ರಾಜೆಕ್ಟ್ ಮೆಟೀರಿಯಲ್" ಅಂತ ಚೀಟಿ. ಪೇಪರ್ಸ್ ಇರಲಿಲ್ಲ. ಇದು ಯಾವ ಬೈಕಿನ ಮೇಲೆ, ಯಾವ ವ್ಯಾನಿನಲ್ಲಿ, ಎಷ್ಟು ಬಿಸಿಲಿನಲ್ಲಿ ಬಂತೋ. ಆ ಡೆಲಿವರಿ ಹುಡುಗನಿಗೆ ತಾನು ಹೊತ್ತಿದ್ದು ಏನು ಅಂತ ಗೊತ್ತೇ ಇರಲಿಲ್ಲ. ಅದನ್ನು ನೆನೆಸಿಕೊಂಡರೇ ಮೈ ಉರಿಯುತ್ತದೆ.

ರಾಕೆಟ್ ಬಾಡಿ ಪರವಾಗಿಲ್ಲ ಅನ್ನುವ ಹಾಗಿತ್ತು. ಮೋಟರ್ ಎತ್ತಿದ ಕೂಡಲೇ ಕೈಗೆ ಭಾರ ಅನಿಸಿತು. ಅಸಲಿ ಸಿ6-5 ಸುಮಾರು 24 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಇದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಆ ತೂಕವನ್ನು ಓಪನ್‌ರಾಕೆಟ್‌ಗೆ ಹಾಕಿದೆ. ಹಿಂದುಗಡೆ ಭಾರ ಆದರೆ ರಾಕೆಟಿನ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಗಾಳಿಯ ಒತ್ತಡ ಬೀಳುವ ಕೇಂದ್ರಕ್ಕಿಂತ ಅದು ಕೊಳವೆಯ ಒಂದು ಅಗಲದಷ್ಟಾದರೂ ಮುಂದಿರಬೇಕು. ಇಲ್ಲದಿದ್ದರೆ ರಾಕೆಟ್ ಮೇಲೆ ಹೋಗಲ್ಲ, ಗಿರಗಿರ ತಿರುಗಿ ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಲೆಕ್ಕದಲ್ಲಿ ಆ ಅಂತರ ಕೊಳವೆಯ ಅರ್ಧ ಅಗಲಕ್ಕಿಂತ ಕಡಿಮೆ ಬಂತು. ಯಾಕಿಷ್ಟು ಭಾರ ಅಂತ ಕೇಳಿದರೆ ಅವನ ಉತ್ತರ ನೋಡಿ: "ಹೈ ಪವರ್ ವರ್ಷನ್ ಸರ್. ನಿಮಗೆ ಜಾಸ್ತಿನೇ ಕೊಟ್ಟಿದೀವಿ. ಮೂತಿಗೆ ಎಂ-ಸೀಲ್ ತುಂಬಿ, ಬ್ಯಾಲೆನ್ಸ್ ಆಗುತ್ತೆ."

ಜಾಸ್ತಿನೇ ಕೊಟ್ಟಿದೀವಿ! ಸಿ ವರ್ಗಕ್ಕೆ ಮಿತಿ ಇದೆ. ಅದನ್ನು ದಾಟಿದರೆ ಅದು ಸಿ ಅಲ್ಲ. ಉಪಕಾರ ಮಾಡಿದವನ ಹಾಗೆ ಮಾತಾಡುತ್ತಾನೆ. ಮೋಟರ್ ಮುಟ್ಟಬೇಡ, ದುಡ್ಡು ವಾಪಸ್ ಕೇಳೋಣ ಅಂತ ಹುಡುಗನಿಗೆ ಹೇಳಿ ನಾನು ಆಫೀಸಿಗೆ ಹೋದೆ.

ಅವತ್ತು ಮಧ್ಯಾಹ್ನ ಈ ಪುಣ್ಯಾತ್ಮ ಹುಡುಗನ ನಂಬರಿಗೆ ತಾನೇ ಮೆಸೇಜ್ ಮಾಡಿದ್ದಾನೆ. "ಮೋಟರ್ ಫಿಟ್ ಆಯ್ತಾ?" ಅಂತ. ರಾಕೆಟ್‌ನಲ್ಲಿ ಮೋಟರ್ ಕೂರುವ ಕೊಳವೆ 18 ಮಿಲಿಮೀಟರ್ ಮೋಟರಿಗೆ ಮಾಡಿದ್ದು. ಇವನ ಮೋಟರ್ ಅದರೊಳಗೆ ಹೋಗುತ್ತಲೇ ಇರಲಿಲ್ಲ. ಹುಡುಗ ಅದನ್ನೇ ಹೇಳಿದ್ದಾನೆ. ಅದಕ್ಕೆ ಬಂದ ವಾಯ್ಸ್ ಮೆಸೇಜ್ ನನ್ನ ಹತ್ತಿರ ಈಗಲೂ ಇದೆ: "ಏನಿಲ್ಲ ಪುಟ್ಟ, ಮೇಲಿನ ಲೇಯರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿಬಿಡು, ಸಣ್ಣ ಆಗುತ್ತೆ. ಮಾಮಂಗೆ ಹೇಳೋದು ಬೇಡ, ಅವರು ಸುಮ್ನೆ ಟೆನ್ಷನ್ ಮಾಡ್ಕೋತಾರೆ."

ನಾನು ಸಂಜೆ ಬಂದಾಗ ಹುಡುಗ ಹಾಲ್‌ನಲ್ಲಿ ಕೂತು ಉಜ್ಜುತ್ತಿದ್ದ. ಪಕ್ಕದ ಕೋಣೆಯಲ್ಲಿ ನಮ್ಮಮ್ಮ ದೇವರಿಗೆ ದೀಪ ಹಚ್ಚುತ್ತಿದ್ದರು. ಮೋಟರಿನ ಮೇಲಿದ್ದ "ಸಿ6-5" ಸ್ಟಿಕರ್ ಅರ್ಧ ಕಿತ್ತು ಬಂದಿತ್ತು. ಅದರ ಕೆಳಗೆ ಬಿಳಿ ಪೈಪು. ಪೈಪಿನ ಮೇಲೆ 20 ಎಂಎಂ ಅಂತ ಅಚ್ಚು, ಜೊತೆಗೆ ಐಎಸ್‌ಐ ಮಾರ್ಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಉದ್ದಕ್ಕೆ ಸಿಗುತ್ತಲ್ಲ, ಅದೇ ಪೈಪು. 18ರ ಜಾಗಕ್ಕೆ 20 ಯಾಕೆ ಹೋಗಲಿಲ್ಲ ಅಂತ ಆಗ ಅರ್ಥವಾಯಿತು. ಫೋಟೋ ಯಾವುದೋ, ಸ್ಟಿಕರ್ ಯಾವುದೋ, ಒಳಗಿರುವುದು ಯಾವುದೋ. ನಾನು ಕೇಳಿದ ಒಂದೊಂದು ಪ್ರಶ್ನೆಗೂ ಅವನು ನಗುನಗುತ್ತಾ ಕೊಟ್ಟ ಉತ್ತರ ಎಲ್ಲ ಒಂದೇ ಸಲ ನೆನಪಾಯಿತು. ಬೇಕೆಂದೇ ಕೊಟ್ಟ ಉತ್ತರಗಳು ಅವು, ಒಂದೊಂದೂ.

ಅಸಲಿ ಮೋಟರಿನ ಹೊರಕವಚ ಬಿಗಿಯಾಗಿ ಸುತ್ತಿದ ಕಾಗದದ್ದು. ಕೆಳಗೆ ಗಟ್ಟಿ ಜೇಡಿಮಣ್ಣಿನ ನಾಜಲ್, ಅಂದರೆ ಬೆಂಕಿ ಹೊರಗೆ ಬರುವ ಸಣ್ಣ ತೂತಿನ ಬಾಯಿ, ಇರುತ್ತದೆ. ಸಿಡಿದರೂ ಕಾಗದ ಹರಿಯುತ್ತದೆ. ಪಿವಿಸಿ ಸಿಡಿದರೆ ಚೂಪಾದ ಚೂರು ಚೂರಾಗಿ ಹಾರುತ್ತದೆ. ಇದರ ನಾಜಲ್ ಪ್ಲಾಸ್ಟರ್ ಆಫ್ ಪ್ಯಾರಿಸ್ ಥರ ಏನೋ, ಬೆರಳು ತಾಗಿದರೆ ಬಿಳಿ ಪುಡಿ ಉದುರುತ್ತಿತ್ತು. ಅದು ಕಿತ್ತುಹೋದ ಕಡೆ ಒಳಗಿನ ಮದ್ದು ಕಾಣುತ್ತಿತ್ತು, ಕೆಟ್ಟುಹೋದ ಬೆಲ್ಲದ ಪಾಕದ ಹಾಗೆ ಕಂದು, ಅಂಟು. ಮನೆಯಲ್ಲಿ ಸಕ್ಕರೆ ಹಾಕಿ ಬೇಯಿಸುವ ಮದ್ದು ಇದು. ಗಾಳಿಯ ತೇವ ಎಳೆದುಕೊಳ್ಳುತ್ತದೆ, ಒಂದು ಸಲ ಹೇಗೋ ಉರಿದರೆ ಇನ್ನೊಂದು ಸಲ ಪೈಪನ್ನೇ ಒಡೆಯುತ್ತದೆ. ಇದನ್ನು ಬೇಯಿಸಲು ಹೋಗಿ ಕೈ ಮುಖ ಸುಟ್ಟುಕೊಂಡವರು ಇದ್ದಾರೆ.

ಇನ್ನೂ ಇದೆ. ಮುಂದಿನ ತುದಿಯನ್ನು ಗ್ಲೂ ಗನ್‌ನ ಅಂಟಿನಿಂದ ಪೂರ್ತಿ ಮುಚ್ಚಿದ್ದರು. ಅಂದರೆ ಪ್ಯಾರಾಚೂಟ್ ತಳ್ಳುವ ಸಿಡಿತವೇ ಇಲ್ಲ. ಆ ಕೊನೇ 5 ಬರೀ ಸ್ಟಿಕರ್ ಮೇಲೆ. ಈಗ ಅವನ ಮೊದಲಿನ ಸಲಹೆ ನೆನಪು ಮಾಡಿಕೊಳ್ಳಿ, ಮೂತಿಗೆ ಎಂ-ಸೀಲ್ ತುಂಬಿ ಅಂದಿದ್ದ. ಪ್ಯಾರಾಚೂಟ್ ಬಿಚ್ಚದ ರಾಕೆಟ್, ಮೂತಿಯಲ್ಲಿ ಕಲ್ಲಿನಂಥ ಎಂ-ಸೀಲ್, ನೂರಾರು ಅಡಿ ಮೇಲಿಂದ ನೆಟ್ಟಗೆ ತಲೆಕೆಳಗಾಗಿ. ಮೈದಾನದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ ಸ್ವಾಮಿ.

112ಕ್ಕೆ ಫೋನ್ ಮಾಡಿದೆ. ಮುಟ್ಟಬೇಡಿ, ಎಲ್ಲರೂ ಹೊರಗೆ ಬನ್ನಿ ಅಂದರು. ಪೊಲೀಸರು ಬಂದರು, ಅಗ್ನಿಶಾಮಕದವರು ಬಂದರು, ಬೀದಿಯವರೆಲ್ಲ ಬಂದರು. ನಮ್ಮಮ್ಮ ಗೇಟಿನ ಹತ್ತಿರ ನಿಂತಿದ್ದರು, ಅವರ ಎದುರಿಗೇ "ಮನೇಲಿ ಬಾಂಬ್ ಮಾಡ್ತಾ ಇದ್ರಾ?" ಅಂತ ಒಬ್ಬರು ಕೇಳಿದರು. ಹುಡುಗ ತಲೆ ಎತ್ತಲಿಲ್ಲ. ಅವರು ಅದನ್ನು ತೆಗೆದುಕೊಂಡು ಹೋದರು, ನನ್ನ ಹೇಳಿಕೆ ಬರೆಸಿಕೊಂಡರು. ಆ ಸಂಜೆಯ ಅವಮಾನ ಅಷ್ಟಿಷ್ಟಲ್ಲ. ಎದುರುಮನೆಯವರು ಈಗಲೂ ಒಂಥರಾ ನೋಡುತ್ತಾರೆ.

ರಾತ್ರಿ ಮಾರಿದವನಿಗೆ ಪೈಪಿನ ಫೋಟೋ ಕಳಿಸಿದೆ. ಉತ್ತರಗಳು ಒಂದಾದ ಮೇಲೊಂದು ಬಂದವು.

"ಸರ್ ಇದು ನಮ್ಮ ಪ್ರಾಡಕ್ಟ್ ಅಲ್ಲ."

ಪಾರ್ಸೆಲ್ ಬಿಚ್ಚುವಾಗ ಹುಡುಗ ಮಾಡಿದ್ದ ವಿಡಿಯೋ ಕಳಿಸಿದೆ.

"ಇಂಡಿಯನ್ ಕಂಡೀಷನ್‌ಗೆ ಮಾಡಿಫೈ ಮಾಡಿದೀವಿ ಸರ್. ಪಿವಿಸಿ ಕಾಗದಕ್ಕಿಂತ ಸ್ಟ್ರಾಂಗ್."

ಮಗುವಿನ ಕೈಯಲ್ಲಿ ಉಜ್ಜಿಸಿದೆಯಲ್ಲಪ್ಪಾ ಅಂದೆ.

"ದೀಪಾವಳಿಗೆ ನಿಮ್ ಮನೇಲಿ ರಾಕೆಟ್ ಬಿಡಲ್ವಾ? ಬೇರೆ ಯಾವ ಕಸ್ಟಮರೂ ಕಂಪ್ಲೇಂಟ್ ಮಾಡಿಲ್ಲ."

ದುಡ್ಡು ವಾಪಸ್ ಕೊಡು, ಇಲ್ಲದಿದ್ದರೆ ಎಲ್ಲರಿಗೂ ಹೇಳುತ್ತೇನೆ ಅಂದೆ. ಆಗ ಬಂದ ಮಾತು ಇದು: "ಹೇಳಿ ಸರ್. ಪಾರ್ಸೆಲ್ ನಿಮ್ ಹೆಸರಲ್ಲಿ ಬಂದಿರೋದು, ದುಡ್ಡು ನಿಮ್ ಅಕೌಂಟಿಂದ ಹೋಗಿರೋದು. ಕೇಸ್ ಆದ್ರೆ ನಿಮಗೇ ಆಗೋದು. ಹುಡುಗನ ಫ್ಯೂಚರ್ ನೋಡ್ಕೊಳ್ಳಿ." ಇಷ್ಟು ಹೇಳಿ ಬ್ಲಾಕ್ ಮಾಡಿದ.

ಜನ ಬಾಯಿಬಿಡದೇ ಇರುವುದು ಈ ಮಾತಿಗೆ ಹೆದರಿಯೇ. ಅದಕ್ಕೇ ಇವನು ಧೈರ್ಯವಾಗಿ ಮಾರುತ್ತಿದ್ದಾನೆ. ನಾನು ಹೆದರಿ ಕೂರುವುದಿಲ್ಲ, ಮೆಸೇಜು, ವಾಯ್ಸು, ವಿಡಿಯೋ ಎಲ್ಲ ಪೊಲೀಸರಿಗೆ ಕೊಟ್ಟಿದ್ದೇನೆ. ದೀಪಾವಳಿ ರಾಕೆಟ್ ಅಂತಾನಲ್ಲ, ಶಿವಕಾಶಿಯ ಕಾರ್ಖಾನೆಗೂ ಲೈಸೆನ್ಸ್ ಬೇಕು. 1884ರ ಸ್ಫೋಟಕಗಳ ಕಾಯ್ದೆ, 2008ರ ನಿಯಮಗಳು ಸುಮ್ನೆ ಇರುವುದಲ್ಲ. ಮದ್ದು ತಯಾರಿಸುವುದು, ಮಾರುವುದು, ಸಾಗಿಸುವುದು ಎಲ್ಲ ಅದರ ಕೆಳಗೇ ಬರುತ್ತದೆ. "ಎಜುಕೇಷನಲ್" ಅಂತ ಚೀಟಿ ಅಂಟಿಸಿದರೆ ಕಾನೂನು ಬಿಟ್ಟುಬಿಡಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಈ ಹವ್ಯಾಸ ಬೆಳೆದಿದ್ದೇ ಇಂಥದ್ದನ್ನು ನಿಲ್ಲಿಸಲು. ಅಮೆರಿಕದ ನೆಬ್ರಾಸ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಓರ್ವಿಲ್ ಕಾರ್ಲೈಲ್ 1954ರಲ್ಲಿ ಕಾಗದದ ಮಾಡೆಲ್ ರಾಕೆಟ್ ಮಾಡಿದರು. ಆ ಕಾಲದಲ್ಲಿ ಹುಡುಗರು ಪೈಪಿಗೆ ಮದ್ದು ತುಂಬಿ ಕೈ ಕಳೆದುಕೊಳ್ಳುತ್ತಿದ್ದರು. ಅದರ ಬಗ್ಗೆ ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ ಬರೆದ ಲೇಖನ ಓದಿ, ಕಾರ್ಲೈಲ್ ತಮ್ಮ ರಾಕೆಟನ್ನು ಅವರಿಗೆ ಕಳಿಸಿದರು. 1957ರಲ್ಲಿ ಅಲ್ಲಿನ ರಾಕೆಟ್ ಹವ್ಯಾಸಿಗಳ ಸಂಘ ಹುಟ್ಟಿತು. ಅವರ ಸುರಕ್ಷತಾ ನಿಯಮದಲ್ಲಿ ಸ್ಪಷ್ಟವಾಗಿ ಇದೆ: ಪರೀಕ್ಷೆ ಆಗಿರುವ, ಕಂಪನಿ ತಯಾರಿಸಿದ ಮೋಟರ್ ಮಾತ್ರ ಬಳಸಬೇಕು, ಅದನ್ನು ಯಾವ ರೀತಿಯಲ್ಲೂ ತಿದ್ದಬಾರದು. ರೆಕ್ಕೆ ಬದಲಾಯಿಸಿ, ಬಾಡಿ ಉದ್ದ ಮಾಡಿ, ಪ್ಯಾರಾಚೂಟ್ ದೊಡ್ಡದು ಹಾಕಿ, ಅದೆಲ್ಲ ನಮ್ಮದು. ಮೋಟರ್ ಮಾತ್ರ ಮುಟ್ಟುವ ಹಾಗಿಲ್ಲ. ಇವನು ಅದೇ ಹವ್ಯಾಸದ ಹೆಸರು ಹೇಳಿಕೊಂಡು ವಾಪಸ್ ಪೈಪನ್ನೇ ಮಕ್ಕಳ ಕೈಗೆ ಕೊಡುತ್ತಿದ್ದಾನೆ. ನನಗೆ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿದಿದ್ದು ಇದಕ್ಕೆ.

ಮಾರುವವನು ಲೈಸೆನ್ಸ್ ಅಂತ ಉದ್ಯಮ್ ಪತ್ರ ಕಳಿಸಿದರೆ ಅಲ್ಲೇ ಮಾತು ನಿಲ್ಲಿಸಿ. ಕೊರಿಯರ್‌ನಲ್ಲಿ ಮದ್ದು ಕಳಿಸುತ್ತೇನೆ ಅನ್ನುವವನು ಕಳ್ಳನೇ, ಬೇರೆ ಮಾತಿಲ್ಲ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಹೇಳಿ, ಗ್ರಾಹಕರ ಸಹಾಯವಾಣಿ 1915ರಲ್ಲೂ ದೂರು ಬರೆಸಿ. ನಾನು ಎರಡೂ ಮಾಡಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ. ಮಕ್ಕಳ ಫೋನ್ ನಂಬರ್ ಇಂಥವರಿಗೆ ಸಿಗದ ಹಾಗೆ ನೋಡಿಕೊಳ್ಳಿ. ಹಾರಿಸುವ ಆಸೆ ಇದ್ದರೆ ನೀರಿನ ರಾಕೆಟ್ ಇದೆ, ಪಂಪಿನ ಗಾಳಿಯಲ್ಲಿ ಹಾರುವ ಕಾಗದದ ರಾಕೆಟ್ ಇದೆ. ರೆಕ್ಕೆ, ತೂಕ, ಸ್ಥಿರತೆ ಎಲ್ಲ ಅದರಲ್ಲೂ ಕಲಿಯಬಹುದು.

ನಿನ್ನೆ ನೋಡಿದೆ, ಬೇರೆ ಹೆಸರಿನಲ್ಲಿ ಅದೇ ಜಾಹೀರಾತು ಮತ್ತೆ ಬಂದಿದೆ. ಅದೇ ಫೋಟೋ, ಹಸಿರು ಮ್ಯಾಟಿನ ಮೇಲೆ ಸಾಲಾಗಿ ಇಟ್ಟ ಮೋಟರ್‌ಗಳು, ಪಕ್ಕದಲ್ಲಿ ಕೆಂಪು ಮೂತಿಯ ರಾಕೆಟ್. ಬೆಲೆ ಇನ್ನೂ ಇಳಿಸಿದ್ದಾನೆ, "ಸಮ್ಮರ್ ಕ್ಯಾಂಪ್‌ಗಳಿಗೆ ಬಲ್ಕ್ ಆರ್ಡರ್ ತಗೋತೀವಿ" ಅಂತ ಹೊಸದಾಗಿ ಸೇರಿಸಿದ್ದಾನೆ. ನಿಮ್ಮ ಮಕ್ಕಳ ಶಾಲೆಯಲ್ಲೋ ಕ್ಯಾಂಪಿನಲ್ಲೋ ರಾಕೆಟ್ ಹಾರಿಸುತ್ತೇವೆ ಅಂದರೆ, ಮೋಟರ್ ಎಲ್ಲಿಂದ ಬಂತು ಅಂತ ಇವತ್ತೇ ಕೇಳಿ. ಸ್ಟಿಕರ್ ಅಂಟಿಸಿದ ಪೈಪು ಕಂಡರೆ ಮಕ್ಕಳನ್ನು ದೂರ ಕರೆದುಕೊಂಡು ಹೋಗಿ 112ಕ್ಕೆ ಫೋನ್ ಮಾಡಿ.